‘ಕಾನ್‌ಸ್ಟರ್ನೇಶನ್’ ಎಂದರೆ ಬರೀ ಹೆದರಿಕೆಯಲ್ಲ

ಇಂಗ್ಲಿಷ್ ಪತ್ರಿಕೆ ಓದುವ ಗೆಳೆಯ ಗೆಳತಿಯರಿಗೆ ‘ಕಾನ್‌ಸ್ಟರ್ನೇಶನ್’ ಎಂಬ ಪದ ಹೊಸದೇನಲ್ಲ. ಆದರೆ ಅರ್ಥ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಫಿಯರ್’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಸಮಾನಾರ್ಥಕ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದರ ಫಲ ಇದು ಎಂಬುದು ನನ್ನ ಅಭಿಪ್ರಾಯ.

ದಾಂಡೇಲಿ ಕಾಡಿನ ದಾರಿಯಲ್ಲಿ ಕರಡಿ ಎದುರಾದರೆ ಆಗುವುದು ಹೆದರಿಕೆ. ಕಾನ್‌ಸ್ಟರ್ನೇಶನ್ ಹಾಗಲ್ಲ. ಎಣಿಸದೇ ಇದ್ದ ಸುದ್ದಿಯೊಂದು ಬಂದು ಎದೆ ಧಸಕ್ಕೆಂದು, ಮುಂದೇನು ಎಂದು ತಿಳಿಯದೆ ನಿಂತುಬಿಡುವ ಸ್ಥಿತಿ ಅದು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದದ ಲ್ಯಾಟಿನ್ ಮೂಲಕ್ಕೂ ಗಲಿಬಿಲಿಗೊಳಿಸು ಎಂಬ ಅರ್ಥವಿದೆ.

ಪಕ್ಕದ ಜೋಯಿಡಾವನ್ನೇ ನೋಡಿ. ಆ ತಾಲೂಕಿಗೆ ಹಿಂದೆ ಸೂಪಾ ಎಂದೇ ಹೆಸರು. ಕಾಳಿ ನದಿಗೆ ಕಟ್ಟಿದ, 1987ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ಅಲ್ಲಿನ ಅನೇಕರು ರಾಮನಗರಕ್ಕೆ ಬಂದು ನೆಲೆಸಬೇಕಾಯಿತು. ಹುಟ್ಟಿದ ಊರೇ ನೀರಿನಡಿ ಹೋಗುತ್ತದೆ ಎಂಬ ಸುದ್ದಿ ಕೇಳಿದವರ ಮನಸ್ಸಿಗೆ ‘ಫಿಯರ್’ ಸಾಲದು. ಈ ಪದ ಬೇಕಾಗುವುದು ಅಂಥಲ್ಲಿ.

ಹಾಲ್ ಟಿಕೆಟ್ ಮರೆತು ಬಂದವನೂ ‘ಟು ಮೈ ಕಾನ್‌ಸ್ಟರ್ನೇಶನ್’ ಎನ್ನಬಹುದು, ತಪ್ಪಿಲ್ಲ. ಆದರೆ ‘ಐ ಹ್ಯಾವ್ ಎ ಕಾನ್‌ಸ್ಟರ್ನೇಶನ್’ ಎಂದು ಜ್ವರ ಬಂದವರಂತೆ ಬರೆಯಬಾರದು!

ಇದಕ್ಕೆ ನಮ್ಮ ಮಾತು ಯಾವುದು? ಹಳಿಯಾಳದ ಪೇಟೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ‘ಗಾಬರಿ’ ಹತ್ತಿರದ ಪದ. ಉರ್ದುವಿನ ‘ಘಬರಾಹಟ್’ ಅದರ ಬಂಧು. ‘ಹೈರಾಣ’ ಮಾತ್ರ ಮೋಸ ಮಾಡುತ್ತದೆ. ಅರಬ್ಬಿಯಿಂದ ಉರ್ದುವಿಗೆ ಬಂದ ‘ಹೈರಾನ್’ ಎಂದರೆ ಬೆರಗಾಗಿ ಏನೂ ತೋಚದವನು. ನಮ್ಮ ಕಡೆಯ ಕನ್ನಡದಲ್ಲಿ ಹೈರಾಣಾದವನು ದಣಿದು ಸುಸ್ತಾದವನು. ಎರಡೂ ಭಾಷೆ ಆಡುವ ಮನೆಯ ಮಕ್ಕಳಿಗೆ ಈ ವ್ಯತ್ಯಾಸ ಯಾರೂ ಕಲಿಸಬೇಕಾಗಿಲ್ಲ. ‘ದಿಗ್ಭ್ರಮೆ’ ಎಂದರೆ ದಿಕ್ಕು ತಪ್ಪುವುದು. ಅರ್ಥ ಸರಿಯಾಗಿದೆ, ಆದರೆ ಅದು ಪತ್ರಿಕೆಯವರ ಪದ, ಅಡುಗೆಮನೆಯಲ್ಲಿ ಕೇಳಿಬರುವುದಿಲ್ಲ. ನನ್ನ ಓಟು ‘ಹೌಹಾರು’ವಿಗೆ. ದಿಗಿಲು, ಗಲಿಬಿಲಿ ಎರಡೂ ಅದರಲ್ಲಿವೆ.

ಕನ್ನಡ, ಉರ್ದು ಮಾಧ್ಯಮಗಳಿಂದ ಬಂದ ನಮ್ಮಲ್ಲಿ ಅನೇಕರು ಇಂಗ್ಲಿಷ್ ಪೀರಿಯಡ್‌ನಲ್ಲಿ ಬಾಯಿ ತೆರೆಯುವುದಿಲ್ಲ. ಪದ ಗೊತ್ತಿಲ್ಲವೆಂದಲ್ಲ, ತಮಗೆ ಗೊತ್ತಿರುವ ಪದಕ್ಕೆ ಅಲ್ಲಿ ಬೆಲೆಯಿಲ್ಲ ಎಂದುಕೊಂಡಿದ್ದಾರೆ. ಉಪನ್ಯಾಸಕರಲ್ಲಿ ಒಂದು ವಿನಂತಿ: ಬೋರ್ಡಿನ ಮೇಲೆ ಹೊಸ ಪದ ಬರೆದಾಗ, ‘ಇದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ?’ ಎಂದು ಒಮ್ಮೆ ಕೇಳಿರಿ. ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ.