ಐವತ್ತರ ನೋಟಿನ ರಥ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,



ಸಂಜೆ ಶಾಲೆ ಬಿಟ್ಟ ಮೇಲೆ ಯಾವುದಾದರೂ ತಾಲ್ಲೂಕು ಕೇಂದ್ರದ ಝೆರಾಕ್ಸ್ ಅಂಗಡಿಯ ಮುಂದೆ ತಾವು ಹತ್ತು ನಿಮಿಷ ನಿಂತು ನೋಡಬೇಕು. ಏಳನೆಯ ತರಗತಿಯ ಹುಡುಗಿಯೊಬ್ಬಳು ಸಮವಸ್ತ್ರದಲ್ಲೇ ಬಂದು ಐವತ್ತರ ನೋಟು ಮುಂದಿಡುತ್ತಾಳೆ. "ಅಣ್ಣಾ, ವಿಜಯನಗರದ್ದು ಹತ್ತು ಪೇಜ್ ತೆಗೆದುಕೊಡಿ, ಫೋಟೊ ಇರಲಿ." ಹುಡುಕಿದಾಗ ಮೊದಲು ಸಿಕ್ಕ ವೆಬ್‌ಸೈಟನ್ನು ಅಂಗಡಿಯಾತ ತೆರೆಯುತ್ತಾನೆ, ಪ್ರಿಂಟ್ ಬರುತ್ತದೆ. ಮರುದಿನ ಅದು ಫೈಲು ಸೇರಿ, ಸಹಿ ಬಿದ್ದು, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕವಾಗುತ್ತದೆ. ಆ ಹತ್ತು ಪುಟಗಳನ್ನು ಹುಡುಗಿ ಓದಿರುವುದಿಲ್ಲ. ಫೈಲುಗಳ ರಾಶಿಯ ಮುಂದೆ ಕೂತ ಮೇಷ್ಟ್ರಿಗೂ ಓದುವಷ್ಟು ಹೊತ್ತಿರುವುದಿಲ್ಲ.

ಆಕೆ ಕೊಟ್ಟ ನೋಟಿನ ಹಿಂಬದಿಯಲ್ಲೇ ಒಳ್ಳೆಯ ಪಾಠವೊಂದಿತ್ತು.

2017ರಲ್ಲಿ ಬಂದ ಐವತ್ತರ ನೋಟಿನ ಮೇಲೆ ಹಂಪಿಯ ಕಲ್ಲಿನ ರಥವಿದೆ. ಇದೇ ರಥದ ಫೋಟೊವನ್ನು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ತೆಗೆದಿದ್ದ. ಅಂತರ್ಜಾಲದಲ್ಲಿ ಹುಡುಕಿದರೆ ಅದು ಸಿಗುತ್ತದೆ. ಆ ಫೋಟೊದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ, ನೋಟಿನಲ್ಲಿ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ಹನ್ನೆರಡು ವರ್ಷದ ಮಕ್ಕಳು ತಾವಾಗಿಯೇ ಕೇಳತೊಡಗುತ್ತಾರೆ. ಗೋಪುರ ಎಲ್ಲಿ ಹೋಯಿತು? ಕಲ್ಲಿನ ಮೇಲೆ ಇಟ್ಟಿಗೆ ಯಾಕೆ ಕಟ್ಟಿದರು? ಇಟ್ಟಿಗೆ ಬಿದ್ದು ಕಲ್ಲು ಮಾತ್ರ ಉಳಿದಿದ್ದರೆ, ಆಗಿನ ಊರಿನಲ್ಲಿ ಇನ್ನೂ ಏನೇನು ಇತ್ತು, ಏನೇನು ಅಳಿಯಿತು? ಹತ್ತು ಪುಟದ ಪ್ರಿಂಟಿನಿಂದ ಹುಟ್ಟದ ಪ್ರಶ್ನೆಗಳು ಎರಡು ಚಿತ್ರಗಳಿಂದ ಹುಟ್ಟುತ್ತವೆ. ವೆಬ್‌ಸೈಟು ಇತಿಹಾಸದ ತರಗತಿಗೆ ಬರಬೇಕಾದದ್ದು ಈ ಕೆಲಸಕ್ಕೆ.

ಬೆಂಗಳೂರಿನ ಮಕ್ಕಳ ಫೈಲುಗಳಲ್ಲಿ ತಪ್ಪದೆ ಕಾಣುವ ಕತೆ ಹೊಯ್ಸಳ ದೊರೆ ವೀರಬಲ್ಲಾಳನದು. ಬೇಟೆಗೆ ಬಂದು ದಾರಿ ತಪ್ಪಿದ ದೊರೆಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂದು ಒಂದು ವೆಬ್‌ಸೈಟಿನಿಂದ ಇನ್ನೊಂದು ನಕಲು ಮಾಡಿಕೊಂಡು ಹೇಳುತ್ತಲೇ ಇವೆ. ಆ ದೊರೆ, ಅಂದರೆ ಎರಡನೆಯ ವೀರಬಲ್ಲಾಳ, ಆಳಿದ್ದು 12ನೆಯ ಶತಮಾನದ ಕೊನೆ, 13ನೆಯ ಶತಮಾನದ ಆರಂಭದಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ವೀರಗಲ್ಲಿನ ಶಾಸನ ಅದಕ್ಕೂ ಸುಮಾರು ಮುನ್ನೂರು ವರ್ಷ ಹಳೆಯದು. ಅದು 'ಬೆಂಗಳೂರು ಕಾಳಗ'ದ ಮಾತಾಡುತ್ತದೆ. ಕಾಳಿನ ಕತೆ ಹುಟ್ಟುವ ಮೊದಲೇ ಊರಿಗೆ ಹೆಸರಿತ್ತು. ಕತೆಯನ್ನು ಮಕ್ಕಳಿಂದ ಕಿತ್ತುಕೊಳ್ಳಬೇಕಿಲ್ಲ, ಅದು ಸೊಗಸಾಗಿದೆ. ಕತೆಯನ್ನೂ ಕಲ್ಲನ್ನೂ ಎದುರುಬದುರು ಇಟ್ಟು, ಯಾವುದು ಯಾಕೆ ನಂಬಲರ್ಹ ಎಂದು ಕೇಳಿದರೆ ಅದೇ ಪ್ರಾಜೆಕ್ಟು. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತ ಬಂದಿದ್ದಾರೆ. ಕಲ್ಲಿನ ಮುಂದೆ ನಿಂತಾಗ ಕಣ್ಣಿಗೆ ಹತ್ತದ ಸವೆದ ಅಕ್ಷರ ಪರದೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ.

ವೆಬ್‌ಸೈಟುಗಳು ಒಂದನ್ನೊಂದು ಒಪ್ಪದಿರುವುದೂ ಕೆಡುಕಲ್ಲ. ಕನ್ನಡದ ಅತಿ ಹಳೆಯ ಶಾಸನ ಯಾವುದು ಎಂದು ಹುಡುಕಿದ ಮಗುವಿಗೆ ಒಂದೆಡೆ ಹಲ್ಮಿಡಿ ಎಂಬ ಉತ್ತರ ಸಿಗುತ್ತದೆ: 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು, ಕಾಲ ಸುಮಾರು ಕ್ರಿ.ಶ. 450. ಇನ್ನೊಂದೆಡೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಿಂಹಕಟಾಂಜನ ಶಾಸನ ಎಂದಿರುತ್ತದೆ, ಕಾಲ ಸುಮಾರು ಕ್ರಿ.ಶ. 370. ಇಂದಿನ ಪದ್ಧತಿಯಲ್ಲಿ ಎರಡರಲ್ಲಿ ಒಂದನ್ನು 'ಸರಿ ಉತ್ತರ' ಎಂದು ಗುರುತು ಹಾಕಿ ಮುಂದೆ ಹೋಗಬೇಕು. ಭೂಮಿಯಿಂದ ಹೊಸದೊಂದು ಎದ್ದರೆ ಹಳೆಯ ತೀರ್ಮಾನವನ್ನು ಮತ್ತೆ ನೋಡಬೇಕಾಗುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡದ ಮಕ್ಕಳಿಗೆ ಎಲ್ಲಿದೆ?

ಈಗ ಕೇಳಬೇಕಾದ ಮಾತು. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸಂಪುಟಗಳನ್ನು ಜಿಲ್ಲಾವಾರು ವಿಂಗಡಿಸಿ, ಒಳಗಿನ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ಅಂದರೆ ನಾಗಮಂಗಲದ ಮಗು ನಾಗಮಂಗಲದ ಪುಟ ತೆರೆದು, ತನ್ನೂರ ಕೆರೆ ಏರಿಯ ಮೇಲಿನ ಕಲ್ಲು ಅಲ್ಲಿದೆಯೇ ಎಂದು ಹುಡುಕಬಹುದು. ಆದರೆ ಶಾಸನದ ಪಾಠ ಹಳಗನ್ನಡದಲ್ಲಿ, ವಿವರಣೆ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಇದೆ. ಮಗುವಿನ ಮಾತಿರಲಿ, ಸಮಾಜ ವಿಜ್ಞಾನದ ಮೇಷ್ಟ್ರಿಗೂ ಅದು ದಕ್ಕುವುದು ಕಷ್ಟ. ಜೊತೆಗೆ ರೈಸ್ ಓಡಾಡಿದ್ದು ಹಳೆಯ ಮೈಸೂರು, ಕೊಡಗಿನ ಸೀಮೆಯಲ್ಲಿ. ಧಾರವಾಡ, ವಿಜಯಪುರ, ಕಲಬುರಗಿಯ ಮಕ್ಕಳ ಊರುಗಳು ಅದರಲ್ಲಿ ಇಲ್ಲ. ಅವರಿಗಾಗಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂಪುಟಗಳನ್ನೂ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಶಾಸನ ಸಂಪುಟಗಳನ್ನೂ ಬಿಚ್ಚಬೇಕು.

ಇಲಾಖೆ ಮಾಡಬಹುದಾದ ಮೊದಲ ಕೆಲಸ ತಾಲ್ಲೂಕಿಗೊಂದು ವೆಬ್‌ಪುಟ. ಅದರಲ್ಲಿ ಐದೇ ಐದು ಆಧಾರಗಳಿರಲಿ: ಎರಡು ಶಾಸನ, ಒಂದು ಹಳೆಯ ಫೋಟೊ, ಒಂದು ನಕ್ಷೆ, ಊರ ಹಿರಿಯರ ಬಾಯಲ್ಲಿರುವ ಒಂದು ಕತೆ. ಪ್ರತಿಯೊಂದರ ಕೆಳಗೂ ಇವತ್ತಿನ ಕನ್ನಡದಲ್ಲಿ ಅದರ ಅರ್ಥ, ಅದು ಎಲ್ಲಿ ಸಿಕ್ಕಿತು, ಓದಿದವರು ಯಾರು ಎಂಬ ವಿವರ ಬೇಕು. ಜಿಲ್ಲೆಗಳಲ್ಲಿ ಡಯಟ್‌ಗಳಿವೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ), ಹತ್ತಿರದ ಕಾಲೇಜುಗಳಲ್ಲಿ ಹಳಗನ್ನಡ ಬಲ್ಲ ಅಧ್ಯಾಪಕರಿದ್ದಾರೆ. ಇಂಥ ಕೆಲಸ ಆಗದ್ದಲ್ಲ ಎಂಬುದಕ್ಕೆ 'ವಚನ ಸಂಚಯ' ಕಣ್ಣ ಮುಂದಿದೆ. 20 ಸಾವಿರಕ್ಕೂ ಹೆಚ್ಚು ವಚನಗಳಿರುವ ಆ ತಾಣದಲ್ಲಿ 'ಕಾಯಕ' ಎಂದು ಹುಡುಕಿದರೆ ಆ ಪದ ಯಾವ ಯಾವ ವಚನಕಾರರ ಬಾಯಲ್ಲಿ ಬಂದಿದೆ ಎಂದು ಮಗು ತಾನೇ ಎಣಿಸಬಹುದು.

ಎರಡನೆಯ ಕೆಲಸಕ್ಕೆ ದುಡ್ಡೇ ಬೇಡ. ಪ್ರಾಜೆಕ್ಟಿನ ಶೀರ್ಷಿಕೆ 'ಮಾಹಿತಿ ಸಂಗ್ರಹಿಸಿ' ಎಂದಿರುವ ತನಕ ಮಕ್ಕಳು ಸಂಗ್ರಹಿಸುತ್ತಲೇ ಇರುತ್ತಾರೆ. 'ನಿಮ್ಮೂರ ಹೆಸರಿನ ಬಗ್ಗೆ ವೆಬ್‌ಸೈಟು ಹೇಳುವುದಕ್ಕೂ ಅಜ್ಜಿ ಹೇಳುವುದಕ್ಕೂ ಏನು ವ್ಯತ್ಯಾಸ?' ಎಂದು ಕೇಳಿದರೆ ಝೆರಾಕ್ಸ್ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ. ಪ್ರಿಂಟು ಬೇಡ, ಕೈಯಲ್ಲಿ ಬರೆದ ಎರಡು ಪುಟ ಸಾಕು. ಕೊನೆಯಲ್ಲಿ ಎರಡು ಸಾಲು ಇರಲಿ: ಇದನ್ನು ಬರೆದವರು ಯಾರು, ಅವರಿಗೆ ಹೇಗೆ ಗೊತ್ತು?

ಇನ್ನೊಂದು ಸಂಗತಿ, ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಬಹಳ ಮನೆಗಳಲ್ಲಿರುವುದು ಒಂದೇ ಮೊಬೈಲು, ಅದು ಅಪ್ಪನ ಜೇಬಿನಲ್ಲಿ. ಅಣ್ಣನಿಗೆ ಸಿಕ್ಕರೂ ತಂಗಿಗೆ ಸಿಗುವುದಿಲ್ಲ. ಹಾಗಾಗಿ ಹುಡುಕುವ ಕೆಲಸ ಮನೆಗೆ ಹೋಗಕೂಡದು. ವಾರಕ್ಕೊಂದು ಪಿರಿಯಡ್ಡು ಶಾಲೆಯ ಕಂಪ್ಯೂಟರ್ ಕೋಣೆಯಲ್ಲೇ, ಮೇಷ್ಟ್ರ ಎದುರಿಗೇ ನಡೆಯಲಿ. ಕಂಪ್ಯೂಟರ್ ಇಲ್ಲದ ಶಾಲೆಗೆ ಆ ಐದು ಆಧಾರಗಳು ಅಚ್ಚಾಗಿ ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ಮೂಲಕ ತಲುಪಲಿ.

ಮೊದಲ ಪುಟ ಶಿಕಾರಿಪುರ ತಾಲ್ಲೂಕಿನದೇ ಆಗಬಹುದು. ತಾಳಗುಂದದ ಸುತ್ತಲಿನ ಶಾಲೆಗಳ ಮಕ್ಕಳು ಆ ಊರಿನ ಪ್ರಣವೇಶ್ವರ ದೇವಾಲಯಕ್ಕೆ ನಡೆದೇ ಹೋಗಿ, ಪರದೆಯ ಮೇಲೆ ನೋಡಿದ್ದನ್ನು ಅಲ್ಲಿನ ಕಲ್ಲಿನ ಜೊತೆ ಹೋಲಿಸಲಿ. ಬರುವ ಜೂನ್‌ಗೆ ಅಷ್ಟಾದರೂ ಸಿದ್ಧವಾಗುವಂತೆ ತಾವು ಆದೇಶಿಸಬೇಕು.