ಮರಿಗಿಂತ ಮೊದಲು ತಾಯಿಯನ್ನು ನೋಡಿ

ನಮ್ಮ ಸಂಘದ ಕುಟುಂಬಗಳಲ್ಲಿ ಈಚೆಗೆ ಜಾತಿನಾಯಿ ಸಾಕುವ ಆಸೆ ಬೆಳೆಯುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಊರಿನಲ್ಲಿದ್ದಾಗ ನಾಯಿಯನ್ನು ಯಾರೂ ಕೊಂಡು ತರುತ್ತಿರಲಿಲ್ಲ. ಪಕ್ಕದ ಮನೆಯ ನಾಯಿ ಮರಿ ಹಾಕಿದರೆ ಒಂದನ್ನು ಎತ್ತಿ ತಂದು ಅಂಗಳದಲ್ಲಿ ಬಿಟ್ಟರಾಯಿತು. ಅದರ ತಾಯಿ ಎಂಥದ್ದೆಂದು ವಿಚಾರಿಸಬೇಕಾಗಿಯೂ ಇರಲಿಲ್ಲ. ದಿನವೂ ಕಣ್ಣೆದುರಿಗೇ ಓಡಾಡುತ್ತಿತ್ತು. ಈಗ ಮುಂಬಯಿಯ ಮೂರನೆಯ ಮಹಡಿಯ ಮನೆಗೆ ಲ್ಯಾಬ್ರಡಾರೇ ಬೇಕು, ಪಗ್ಗೇ ಬೇಕು ಎಂದು ಮಕ್ಕಳು ಹಟ ಹಿಡಿಯುತ್ತಾರೆ. ತಂದೆಯವರು ಫೋನಿನಲ್ಲಿ ಬಂದ ಚಿತ್ರ ನೋಡಿ, ಮುಂಗಡ ಕಳುಹಿಸಿ, ಒಂದು ಭಾನುವಾರ ಯಾವುದೋ ರಸ್ತೆಯ ತಿರುವಿನಲ್ಲಿ ಬುಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಮಾರಿದವನ ಮನೆ ಎಲ್ಲಿ, ಮರಿಯ ತಾಯಿ ಎಲ್ಲಿ ಎಂಬುದು ಕೊನೆಗೂ ತಿಳಿಯುವುದಿಲ್ಲ. ಸಂಬಂಧ ಬೆಳೆಸುವಾಗ ಮೂರು ತಲೆಮಾರು ವಿಚಾರಿಸುವ ಜನ ನಾವು. ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಬಾಳುವ ಜೀವವನ್ನು ತರುವಾಗ ಇಷ್ಟು ಅವಸರವೇಕೋ!

ಈ ಅವಸರದ ಫಲ ಒಂದೇ ವಾರದಲ್ಲಿ ಗೊತ್ತಾಗುವುದುಂಟು. ನಾಲ್ಕಾರು ಕಡೆಯ ಮರಿಗಳನ್ನು ಒಂದೇ ಪಂಜರದಲ್ಲಿ ತುಂಬಿದಲ್ಲಿ ಪಾರ್ವೋ ಎಂಬ ರೋಗ ಸುಲಭವಾಗಿ ಹರಡುತ್ತದೆ. 1978ರ ಸುಮಾರಿಗೆ ಮೊದಲು ಗುರುತಿಸಲಾದ ಈ ರೋಗ ತಗಲಿದ ಮರಿ ಮೂರರಿಂದ ಏಳು ದಿನ ಚೆನ್ನಾಗಿಯೇ ಇರಬಹುದು. ಆಮೇಲೆ ವಾಂತಿ, ರಕ್ತಭೇದಿ. ಅಷ್ಟರಲ್ಲಿ ಮಕ್ಕಳು ಅದಕ್ಕೆ ಹೆಸರಿಟ್ಟು, ತಮ್ಮ ಹಾಸಿಗೆಯ ಪಕ್ಕದಲ್ಲೇ ಗೋಣಿ ಹಾಸಿ ಮಲಗಿಸಿರುತ್ತಾರೆ. ಮಾರಿದವನು ಫೋನು ಎತ್ತುವುದಿಲ್ಲ. ಚಿಕಿತ್ಸೆಯಿಂದ ಉಳಿಯುವ ಮರಿಗಳಿವೆ, ಉಳಿಯದವೂ ಬಹಳ.

ಆದಕಾರಣ ನಾವು ಹೇಳುವುದು ಇಷ್ಟೆ: ಮರಿ ಹುಟ್ಟಿದ ಮನೆಗೇ ಹೋಗಿ, ಅದರ ತಾಯಿಯನ್ನು ಕಣ್ಣಾರೆ ನೋಡಿ. ಎಲುಬು ಕಾಣುವಷ್ಟು ಸೊರಗಿದೆಯೇ? ಮೊಲೆ ಜೋತು, ಮೈಯ ಕೂದಲುದುರಿ, ಸೂಲಿನ ಮೇಲೆ ಸೂಲು ಕಂಡ ಹಾಗಿದೆಯೇ? ಯಜಮಾನನನ್ನು ಕಂಡರೆ ಬಾಲ ಆಡಿಸುತ್ತದೆಯೋ, ಮೂಲೆಗೆ ಸರಿಯುತ್ತದೆಯೋ? ತಾಯಿಯ ಅಂಜುಬುರುಕುತನ, ಸಿಡುಕು ಮರಿಗೂ ಬರುವುದುಂಟು. “ತಾಯಿ ಊರಿನಲ್ಲಿದೆ, ಬೇರೆ ತೋಟದಲ್ಲಿದೆ” ಎಂಬ ಸಬೂಬು ಕೇಳಿದರೆ ನಮಸ್ಕಾರ ಹೇಳಿ ಹಿಂದಿರುಗುವುದೇ ಲೇಸು. ಎಂಟು ಹತ್ತು ಜಾತಿಯ ಮರಿಗಳನ್ನು ವರ್ಷವಿಡೀ ಒದಗಿಸುವವನನ್ನೂ ನಾವಂತೂ ನಂಬೆವು. ಅಲ್ಲಿಯ ಒಂದು ಬಡಕಲು ಮರಿಯನ್ನು “ಅಯ್ಯೋ ಪಾಪ” ಎಂದು ಕೊಂಡುಕೊಂಡರೆ ಪಂಜರ ಮರುದಿನವೇ ಮತ್ತೆ ತುಂಬುತ್ತದೆ. ಆ ತಾಯಿಗೆ ಮಾತ್ರ ಬಿಡುವಿಲ್ಲ.

ಕಾನೂನೂ ಇಲ್ಲದಿಲ್ಲ. ಕೇಂದ್ರ ಸರಕಾರದ 2017ರ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣುನಾಯಿಗೆ ಹದಿನೆಂಟು ತಿಂಗಳಾಗುವ ಮುಂಚೆ ಗಂಡು ಕೂಡಿಸುವಂತಿಲ್ಲ; ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ಮಾರುವ ಮರಿಯ ಚರ್ಮದಡಿ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಇರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಇನ್ನು ಚೆನ್ನೈಯಲ್ಲಿ ಮುಖ್ಯ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರದ ಮಾತು. ಅದು ಮರಿಯ ವಂಶಾವಳಿಯನ್ನು ಹೇಳುತ್ತದೆ, ಆರೋಗ್ಯವನ್ನಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಜಾತಿಗಳಲ್ಲಿ ಹಿಂಗಾಲು ಸೊಂಟಕ್ಕೆ ಸೇರುವ ಕೀಲಿನ ದೋಷ ವಂಶದಿಂದ ಬರುವುದುಂಟು. ತಂದೆತಾಯಿಗಳ ಆ ಕೀಲಿನ ಎಕ್ಸ್‌ರೇ ತೆಗೆಸಿದ್ದಾರೆಯೇ ಎಂದು ಕೇಳಿ. ತೆಗೆಸಿದವರು ಸಂತೋಷದಿಂದಲೇ ತೋರಿಸುತ್ತಾರೆ. ಪಗ್ಗಿನ ಗೊರಕೆ ಮಕ್ಕಳಿಗೆ ತಮಾಷೆ. ಆದರೆ ಅದು ಮೊಂಡು ಮೂಗಿನಲ್ಲಿ ಉಸಿರು ಸಾಲದ ಲಕ್ಷಣ. ಹೈದರಾಬಾದಿನ ಮೇ ತಿಂಗಳಲ್ಲಿ ಆ ತಮಾಷೆ ಪ್ರಾಣಕ್ಕೇ ಬಂದೀತು.

ಒಳ್ಳೆಯ ಬ್ರೀಡರನ್ನು ಗುರುತಿಸುವ ಇನ್ನೊಂದು ಬಗೆಯುಂಟು: ಅವರೇ ನಿಮ್ಮನ್ನು ಪ್ರಶ್ನಿಸುತ್ತಾರೆ. ಹಗಲು ಮನೆಯಲ್ಲಿ ಯಾರಿರುತ್ತಾರೆ? ಬೇಸಿಗೆ ರಜೆಗೆ ಊರಿಗೆ ಹೊರಟರೆ ನಾಯಿಯ ಗತಿಯೇನು? ಸಾಕಲಾಗದಿದ್ದರೆ ನಮಗೇ ಹಿಂದಕ್ಕೆ ಕೊಡುತ್ತೀರಾ? ಇದನ್ನು ಅಧಿಕಪ್ರಸಂಗವೆಂದು ತಿಳಿಯಬಾರದು. ಮುಂದಿನ ಸೂಲಿನವರೆಗೆ ಕಾಯಿರಿ ಎಂದರೂ ಕಾಯಿರಿ.

ನಮ್ಮ ನಾಡಿನ ಮುಧೋಳ ನಾಯಿಯ ಬಗ್ಗೆ ಎರಡು ಮಾತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ತಳಿಯ ಮೇಲೆ ಹೊರನಾಡಿನ ನಮಗೆ ಅಭಿಮಾನವಿರುವುದು ಸಹಜ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಪುಣೆಯವರಿಗೆ ಅದೇನೂ ದೂರದ ಊರಲ್ಲ. ತೆಳ್ಳಗಿನ ನಾಯಿಯನ್ನೆಲ್ಲ ಮುಧೋಳವೆಂದು ಮಾರುವವರಿಗೆ ಹಣ ಕೊಡುವ ಮೊದಲು ಅಲ್ಲಿ ವಿಚಾರಿಸಬಹುದು. ಆದರೆ ಇದು ಬಯಲಿನಲ್ಲಿ ಬೇಟೆಯ ಹಿಂದೆ ಓಡಲೆಂದೇ ಬೆಳೆದ ನಾಯಿ. ಎರಡು ಕೋಣೆಯ ಮನೆಯಲ್ಲಿ ಹಗಲೆಲ್ಲ ಕಟ್ಟಿಹಾಕುವುದಾದರೆ ದಯವಿಟ್ಟು ಬೇಡ. ಅಭಿಮಾನ ನಮ್ಮದು, ಸಂಕಟ ಅದರದಾಗುತ್ತದೆ.

ಮೊದಲ ಭೇಟಿಗೆ ಹೋಗುವಾಗ ಹಣ ಒಯ್ಯಬೇಡಿ ಎಂದು ಹೇಳೋಣವೆಂದರೆ ಈಗ ಹಣ ಫೋನಿನಲ್ಲೇ ಇರುತ್ತದೆ. ಮಕ್ಕಳನ್ನಾದರೂ ಮನೆಯಲ್ಲಿ ಬಿಟ್ಟು ಹೋಗಿ; ಮರಿ ಅವರ ಮಡಿಲಿಗೆ ಬಂದ ಮೇಲೆ ಬೇಡವೆನ್ನುವ ಎದೆಗಾರಿಕೆ ಯಾವ ತಾಯಿತಂದೆಗೂ ಇರುವುದಿಲ್ಲ.