ಕರಬೂಜದ ಲೋಟದಲ್ಲಿ ಸಕ್ಕರೆಗೇನು ಕೆಲಸ?

ಬೇಸಿಗೆ ಬಂತೆಂದರೆ ತೀರ್ಥಹಳ್ಳಿ, ಕೊಪ್ಪ ಪೇಟೆಗಳ ರಸ್ತೆಬದಿಯಲ್ಲಿ ಕರಬೂಜದ ರಾಶಿ ಬೀಳುತ್ತದೆ. ಇವೆರಡರ ನಡುವಿನ ಕುಪ್ಪಳ್ಳಿಯಂಥ ಊರುಗಳಲ್ಲೂ ಈಗ ಮಿಕ್ಸಿ ಇಲ್ಲದ ಮನೆ ಅಪರೂಪ. ಹಣ್ಣೂ ಇದೆ, ಮಿಕ್ಸಿಯೂ ಇದೆ. ಆದರೆ ನಾವು ಮಾಡುತ್ತಿರುವುದೇನು? ಹಣ್ಣಿನ ನಾಲ್ಕು ಹೋಳಿಗೆ ನಾಲ್ಕು ಚಮಚ ಸಕ್ಕರೆ, ಮೇಲೊಂದು ಉಂಡೆ ಐಸ್‌ಕ್ರೀಂ. ಅತಿಥಿ ಬಂದರೆ ಮಂದ ಮಾಡಿದ ಸಿಹಿ ಹಾಲೂ ಸೇರುತ್ತದೆ. ಅದಕ್ಕೆ ಸ್ಮೂದಿ ಎಂದು ಹೆಸರು. ನನ್ನ ಪ್ರಕಾರ ಅದು ಪಾನೀಯವಲ್ಲ, ಲೋಟದಲ್ಲಿ ಕೊಟ್ಟ ಸಿಹಿತಿಂಡಿ. ದಾಹಕ್ಕೆ ಅದನ್ನು ಕುಡಿಸಬೇಡಿ.

ಮಲೆನಾಡಿನ ಸೆಕೆಯ ಗುಣ ಮೊದಲು ತಿಳಿಯಬೇಕು. ಮಳೆಗೆ ಮುಂಚಿನ ದಿನಗಳಲ್ಲಿ ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ತೇವದ ಗಾಳಿಯಲ್ಲಿ ಅದು ಆರದೆ ಸುಮ್ಮನೆ ಇಳಿದುಹೋಗುತ್ತದೆ. ನೀರೂ ಉಪ್ಪೂ ಖರ್ಚಾಗುತ್ತವೆ, ಮೈ ಮಾತ್ರ ತಣಿಯುವುದಿಲ್ಲ. ಅಡಿಕೆ ತೋಟದಲ್ಲಿ ದುಡಿಯುವವರಿಗೂ ಒಲೆಯ ಮುಂದೆ ನಿಲ್ಲುವ ಹೆಂಗಸರಿಗೂ ಬೇಕಾದದ್ದು ನೀರು, ಸ್ವಲ್ಪ ಉಪ್ಪು, ಸ್ವಲ್ಪ ಹಣ್ಣು. ಕರಬೂಜದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇದೆ. 100 ಗ್ರಾಂ ತಿರುಳಿನಲ್ಲಿ ಸುಮಾರು 8 ಗ್ರಾಂ ಸಕ್ಕರೆ ಅಲ್ಲಾಹನೇ ಇಟ್ಟಿದ್ದಾನೆ. ಅದರ ಮೇಲೆ ನಮ್ಮ ಡಬ್ಬಿಯ ಸಕ್ಕರೆ ಯಾಕೆ?

ಯುನಾನಿ ವೈದ್ಯದಲ್ಲಿ ಪ್ರತಿಯೊಂದು ಆಹಾರಕ್ಕೂ ಒಂದು ಮಿಜಾಜ್ ಇದೆ. ಕಲ್ಲಂಗಡಿ ಶೀತ-ಆರ್ದ್ರ. ಆದರೆ ಮಾಗಿದ ಸಿಹಿ ಕರಬೂಜವನ್ನು ನಮ್ಮ ಹಲವು ಗ್ರಂಥಗಳು ಉಷ್ಣ-ಆರ್ದ್ರ ಎನ್ನುತ್ತವೆ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಅದಕ್ಕೇ ಹಕೀಮರು ಇದರ ಜೊತೆ ಸಿಕಂಜಬೀನ್, ಅಂದರೆ ಜೇನು ಮತ್ತು ವಿನೆಗರ್ ಕೂಡಿಸಿ ಕಾಯಿಸಿದ ಹುಳಿಸಿಹಿ ಪಾಕ, ಕೊಡುವ ರೂಢಿ ಇಟ್ಟರು. ಹೊಟ್ಟೆ ತುಂಬ ಊಟ ಮಾಡಿ ಅದರ ಮೇಲೆ ಕರಬೂಜ ತಿನ್ನಬಾರದು, ಎರಡು ಊಟಗಳ ನಡುವೆ ತಿನ್ನಬೇಕು ಎಂಬುದೂ ಅವರ ಮಾತೇ. ಪ್ರವಾದಿ(ಸ)ರು ಬತ್ತೀಖ್ ಹಣ್ಣನ್ನು ತಾಜಾ ಖರ್ಜೂರದೊಂದಿಗೆ ಸೇವಿಸುತ್ತಿದ್ದರು, ಒಂದರ ಉಷ್ಣಕ್ಕೆ ಇನ್ನೊಂದರ ತಂಪನ್ನು ಹೊಂದಿಸುತ್ತಿದ್ದರು ಎಂಬ ವರದಿ ಅಬೂದಾವೂದ್‌ನಲ್ಲಿದೆ. ಆ ಬತ್ತೀಖ್ ಕಲ್ಲಂಗಡಿಯೋ ಕರಬೂಜವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಅದೇನೇ ಇರಲಿ, ಹೊಂದಿಸಿ ತಿನ್ನುವ ಕ್ರಮವಂತೂ ಅಲ್ಲಿ ಸ್ಪಷ್ಟವಾಗಿದೆ.

ಈಗ ಮಾಡುವ ವಿಧಾನ. ಒಂದು ಕಿಲೋ ತೂಕದ ಹಣ್ಣು ನಾಲ್ಕು ಜನರಿಗೆ ಸಾಕು. ತೊಟ್ಟಿನ ಕಡೆ ಮೂಸಿ ನೋಡಿ, ಘಮ ಬಂದರೆ ಮಾಗಿದೆ ಎಂದರ್ಥ. ಸಿಪ್ಪೆ, ಬೀಜ ತೆಗೆದು ಹೋಳು ಮಾಡಿ. ಬೀಜ ತೆಗೆದ ನಾಲ್ಕು ಮೆತ್ತನೆಯ ಖರ್ಜೂರ, ಏಳೆಂಟು ಪುದೀನ ಎಲೆ, ಅರ್ಧ ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಉಪ್ಪು, ಮಡಕೆಯ ತಣ್ಣೀರು ಒಂದು ಲೋಟ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ಸೋಸಬೇಡಿ. ನಾರು ಹೊರಗೆ ಹೋದರೆ ಉಳಿಯುವುದು ಸಿಹಿನೀರು ಮಾತ್ರ. ಬೇಕಿದ್ದರೆ ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಸೇರಿಸಿ. ಅದು ಚೆನ್ನಾಗಿ ಉಬ್ಬಿರಬೇಕು, ಒಣ ಬೀಜ ಮಕ್ಕಳ ಗಂಟಲಿಗೆ ಕಟ್ಟಿಕೊಳ್ಳುತ್ತದೆ. ಹಾಲು ಹಾಕಬೇಕೇ ಎಂದು ಬಹಳ ಜನ ಕೇಳುತ್ತಾರೆ. ಕರಬೂಜ ಬೇಗ ಕೆಡುವ ಹಣ್ಣು, ಹಾಲೂ ಬೇಗ ಕೆಡುವಂಥದ್ದು. ಎರಡನ್ನೂ ಒಟ್ಟು ಮಾಡಿ ಸೆಕೆಯಲ್ಲಿ ಇಡುವುದು ನನಗೆ ಸರಿಕಾಣದು. ಬೆಳ್ಳಗೆ, ಮಂದವಾಗಿ ಇರಲೇಬೇಕು ಎಂದರೆ ಎರಡನೇ ಸಲ ಹಿಂಡಿದ ತೆಳು ತೆಂಗಿನಹಾಲು ಹಾಕಿ. ನಮ್ಮ ಕಡೆಯ ಇಬ್ಬುಡ್ಲ ಹಣ್ಣು, ಮಾಗಿದಾಗ ತಾನೇ ಬಿರಿದು ಹಿಟ್ಟಿನಂತೆ ಉದುರುತ್ತದಲ್ಲ, ಅದರ ರಸಾಯನಕ್ಕೆ ಅಜ್ಜಿಯರು ಹಾಕುತ್ತಿದ್ದುದೂ ತೆಂಗಿನಹಾಲೇ. ಸ್ಮೂದಿ ಹೊಸದೇನೂ ಅಲ್ಲ!

ರುಚಿಗಿಂತ ಮುಖ್ಯವಾದದ್ದು ಸಿಪ್ಪೆ. ಕರಬೂಜ ನೆಲಕ್ಕೆ ತಾಗಿಯೇ ಬೆಳೆಯುವ ಹಣ್ಣು, ಬಲೆಯಂಥ ಒರಟು ಸಿಪ್ಪೆಯಲ್ಲಿ ಮಣ್ಣು ಮತ್ತು ರೋಗಾಣು ಕೂತಿರುತ್ತವೆ. ಹೇಗೂ ಸಿಪ್ಪೆ ಎಸೆಯುತ್ತೇವಲ್ಲ ಎಂದು ತೊಳೆಯದೆ ಕೊಯ್ದರೆ, ಅದೇ ಚಾಕು ಕೊಳೆಯನ್ನು ತಿರುಳಿನೊಳಗೆ ಒಯ್ಯುತ್ತದೆ. 2011ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ತೋಟದ ಕರಬೂಜದಿಂದ ಲಿಸ್ಟೀರಿಯಾ ಸೋಂಕು ಹಬ್ಬಿ 33 ಮಂದಿ ಸತ್ತರು. ಈ ಸೋಂಕು ಗರ್ಭಿಣಿಯರಿಗೆ ಮತ್ತು ವೃದ್ಧರಿಗೆ ಹೆಚ್ಚು ಅಪಾಯ. ಆದ್ದರಿಂದ ಇಡೀ ಹಣ್ಣನ್ನು ಹರಿಯುವ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ತೊಳೆದು, ಒರೆಸಿ, ಆಮೇಲೆ ಕೊಯ್ಯಿರಿ. ಮೀನು, ಮಾಂಸ ಕೊಯ್ದ ಹಲಗೆ ಬೇಡವೇ ಬೇಡ. ಕೊಯ್ದದ್ದು ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಇಫ್ತಾರ್‌ಗೆಂದು ಮಧ್ಯಾಹ್ನವೇ ರುಬ್ಬಿ ಇಡುವ ಮನೆಗಳಿವೆ. ಹೋಳುಗಳನ್ನು ಮುಚ್ಚಿ ಫ್ರಿಜ್‌ನಲ್ಲಿಡಿ, ಮಗ್ರಿಬ್ ಹತ್ತಿರವಾದಾಗ ತಿರುಗಿಸಿ. ಪೇಟೆಯಲ್ಲಿ ಕುಡಿಯುವಾಗ ಮಂಜುಗಡ್ಡೆ ಯಾವ ನೀರಿನದು ಎಂದು ವಿಚಾರಿಸಲು ನಾಚಿಕೆ ಬೇಡ. ಮೀನು ಕೆಡದಂತೆ ಇಡುವ ಗಡ್ಡೆ ಲೋಟಕ್ಕೆ ಬರಬಾರದು.

ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ಹಣ್ಣು ತಾನೇ, ಯುನಾನಿ ತಾನೇ, ಏನಾಗುತ್ತದೆ ಎಂಬ ಮಾತು ನನ್ನ ಕಿವಿಗೆ ಆಗಾಗ ಬೀಳುತ್ತದೆ. ನಾನೇ ಯುನಾನಿ ವೈದ್ಯ, ಆದ್ದರಿಂದ ನಾನೇ ಹೇಳುತ್ತೇನೆ: ಆಗುತ್ತದೆ. 100 ಗ್ರಾಂ ಕರಬೂಜದಲ್ಲಿ ಸುಮಾರು 260 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಆರೋಗ್ಯವಂತರ ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಹಾಕುತ್ತದೆ. ಮೂತ್ರಪಿಂಡ ಸೋತವರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಕರಬೂಜ ಮೂತ್ರ ಇಳಿಸುತ್ತದೆ ಎಂದು ನಮ್ಮ ಗ್ರಂಥಗಳಲ್ಲಿರುವುದು ನಿಜ. ಅದನ್ನು ಓದಿ ಕಾಯಿಲೆಯ ಮಾವನಿಗೆ ದಿನಾ ಎರಡು ಲೋಟ ಕೊಡುವ ಸೊಸೆಯ ಪ್ರೀತಿ ದೊಡ್ಡದೇ, ಆದರೆ ಚಿಕಿತ್ಸೆ ನೀಡುವ ವೈದ್ಯರನ್ನು ಕೇಳದೆ ಒಂದು ಗುಟುಕೂ ಬೇಡ. ಸಕ್ಕರೆ ಕಾಯಿಲೆ ಇರುವವರು ಖರ್ಜೂರ ಬಿಟ್ಟು ಅರ್ಧ ಲೋಟ ಕುಡಿಯಲಿ. ರುಬ್ಬುವುದಕ್ಕಿಂತ ಹೋಳನ್ನೇ ಅಗಿದು ತಿಂದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಗೆ. ಬೇಸಿಗೆಯಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಉಷ್ಣ ಆಗಿದೆ’ ಎಂದು ತಂಪಿನ ಪಾನೀಯ ಕೊಟ್ಟು ಮಲಗಿಸುವ ಅಭ್ಯಾಸವಿದೆ. ಮಂಗನ ಕಾಯಿಲೆ ಹೆಚ್ಚು ಕಾಣಿಸಿಕೊಳ್ಳುವುದೂ ಇದೇ ತಿಂಗಳುಗಳಲ್ಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಬಳಿ ಗುರುತಿಸಿದ ಈ ರೋಗ 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ಸೊಪ್ಪು, ದರಗು, ಸೌದೆಗೆಂದು ಕಾಡಿಗೆ ಹೋಗಿಬಂದವರಿಗೆ ಏಕಾಏಕಿ ಜ್ವರ ಏರಿದರೆ ಕರಬೂಜ ಹುಡುಕಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, ಕಾಡಿಗೆ ಹೋದದ್ದನ್ನು ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿ.